ಕಿಟ್ಟೆಲರ ಊರಿನಲ್ಲಿ ಅತಿಥಿಗಳು ಯಾರು?

ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲರ ಬಗ್ಗೆ ಕನ್ನಡದಲ್ಲಿ ಬಂದಿರುವ ಬರಹಗಳು ಹೆಚ್ಚಾಗಿ ಒಂದೇ ವಾಕ್ಯದಲ್ಲಿ ಮುಗಿಯುತ್ತವೆ. ಕನ್ನಡಕ್ಕೆ ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟನ್ನು ಕೊಟ್ಟ ಆ ಮಹನೀಯರು 1903ರಲ್ಲಿ ಜರ್ಮನಿಯ ಟ್ಯೂಬಿಂಗನ್ ಎಂಬ ಊರಿನಲ್ಲಿ ಕೊನೆಯುಸಿರೆಳೆದರು ಎಂಬುದೇ ಆ ವಾಕ್ಯ. ಊರಿನ ಪರಿಚಯವೂ ಅಲ್ಲಿಗೆ ಮುಗಿಯುತ್ತದೆ. ಹೆಚ್ಚೆಂದರೆ, ಅಲ್ಲಿನ ವಿಶ್ವವಿದ್ಯಾನಿಲಯವು 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತೆಂಬ ಮಾತು ಸೇರಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಅವರ ಋಣವನ್ನು ನಾವು ಮರೆತಿಲ್ಲ, ಮರೆಯಲೂಬಾರದು. ಆದರೆ ಕೃತಜ್ಞತೆಯ ಈ ಭಾಷೆಯಲ್ಲಿ ಒಂದು ತೊಡಕಿದೆ. ನಮಗೆ ಉಪಕಾರ ಮಾಡಿದ ವಿದ್ವಾಂಸರ ಊರನ್ನು ನಾವು ಜ್ಞಾನದ ಗುಡಿಯಾಗಿಯೇ ನೋಡುತ್ತೇವೆ. ಆ ಗುಡಿಯ ಸುತ್ತಲಿನ ಬೀದಿಗಳಲ್ಲಿ ಯಾರು ಬದುಕಿದರು, ಯಾರನ್ನು ಹೊರಗಟ್ಟಲಾಯಿತು ಎಂದು ಕೇಳುವುದಿಲ್ಲ. ಹಾಗೆ ಕೇಳಬೇಕಾದ ಊರುಗಳಲ್ಲಿ ಟ್ಯೂಬಿಂಗನ್ ಮೊದಲನೆಯದು. ಏಕೆಂದರೆ ಅಲ್ಲಿ ನಿಘಂಟು ರೂಪಿಸಿದ ಕಿಟ್ಟೆಲ್ ಒಬ್ಬರಲ್ಲ, ಇಬ್ಬರು.

ಊರು ಚಿಕ್ಕದು. ಸ್ಟಟ್‌ಗಾರ್ಟ್ ನಗರಕ್ಕೆ ದಕ್ಷಿಣದಲ್ಲಿ, ನೆಕರ್ ನದಿಯ ದಂಡೆಯಲ್ಲಿದೆ. ಜನಸಂಖ್ಯೆ ಒಂದು ಲಕ್ಷವನ್ನು ಮುಟ್ಟುವುದಿಲ್ಲ. ಅದರ ಪಕ್ಕದಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಸಂಖ್ಯೆಯನ್ನಿಟ್ಟು ನೋಡಿದರೆ ಊರಿನ ಸ್ವರೂಪ ಅರ್ಥವಾಗುತ್ತದೆ. ಟ್ಯೂಬಿಂಗನ್‌ನಲ್ಲಿ ವಿಶ್ವವಿದ್ಯಾನಿಲಯ ಇರುವುದಲ್ಲ, ಟ್ಯೂಬಿಂಗನ್ನೇ ಒಂದು ವಿಶ್ವವಿದ್ಯಾನಿಲಯ ಎಂದು ಅಲ್ಲಿಯವರು ಹೇಳುವುದುಂಟು. ಉತ್ತರಕ್ಕೆ ಶೋನ್‌ಬುಖ್ ಕಾಡು, ದಕ್ಷಿಣಕ್ಕೆ ಸ್ವಾಬಿಯದ ಬೆಟ್ಟಸಾಲು. ಹಳೆಯ ಊರು ಕುಳಿತಿರುವುದು ನೆಕರ್ ಮತ್ತು ಅಮ್ಮರ್ ಎಂಬ ಎರಡು ನೀರಿನ ನಡುವಣ ದಿಣ್ಣೆಯ ಮೇಲೆ. ಈ ಎರಡು ನೀರುಗಳ ನಡುವೆ ಊರಿನ ಸಾಮಾಜಿಕ ಚರಿತ್ರೆಯೂ ಎರಡಾಗಿ ಹಂಚಿಹೋಗಿದೆ. ನೆಕರ್ ಕಡೆಯ ಮೇಲಿನ ಪೇಟೆ ಪ್ರಾಧ್ಯಾಪಕರದು, ಪಾದ್ರಿಗಳದು, ಅಧಿಕಾರಿಗಳದು. ಅಮ್ಮರ್ ಕಡೆಯ ಕೆಳಗಿನ ಪೇಟೆ ದ್ರಾಕ್ಷಿ ಬೆಳೆಯುವ ಬಡ ರೈತರದು. ಅವರಿಗೆ ‘ಗೋಗನ್’ ಎಂಬ ಅಡ್ಡಹೆಸರಿತ್ತು. ಅವರ ಒರಟು ಮಾತು, ಪಂಡಿತರನ್ನು ಚುಚ್ಚುವ ಹಾಸ್ಯ ಇವತ್ತಿಗೂ ನಗೆಹನಿಗಳಾಗಿ ಚಲಾವಣೆಯಲ್ಲಿವೆ. ವಿದ್ಯೆಯ ಊರಿನಲ್ಲಿ ವಿದ್ಯೆಯಿಂದ ಹೊರಗುಳಿದವರು ಇಟ್ಟುಕೊಂಡ ಆಯುಧ ಅದೊಂದೇ.

ವಿಶ್ವವಿದ್ಯಾನಿಲಯವನ್ನು 1477ರಲ್ಲಿ ಸ್ಥಾಪಿಸಿದವನು ವುರ್ಟೆಂಬರ್ಗಿನ ಕೌಂಟ್ ಎಬರ್‌ಹಾರ್ಡ್. ಉದ್ದ ಗಡ್ಡದ, ಜೆರುಸಲೇಮಿಗೆ ಯಾತ್ರೆ ಹೋಗಿಬಂದ ಧರ್ಮಭೀರು. ಅದೇ ವರ್ಷ ಅವನು ಹೊರಡಿಸಿದ ಸನ್ನದಿನಲ್ಲಿ ಗುರುಗಳಿಗೂ ವಿದ್ಯಾರ್ಥಿಗಳಿಗೂ ಸವಲತ್ತುಗಳಿದ್ದವು. ಜೊತೆಗೆ ಯಹೂದಿಗಳು ಈ ಊರಿನಲ್ಲಿ ನೆಲೆಸಕೂಡದೆಂಬ ಆಜ್ಞೆಯೂ ಇತ್ತು. ವಿದ್ಯಾಲಯದ ಬಾಗಿಲು ತೆರೆದದ್ದು ಮತ್ತು ಒಂದು ಸಮುದಾಯವನ್ನು ಹೊರಗೆ ಹಾಕಿದ್ದು ಒಂದೇ ಕಾಗದದ ಎರಡು ಕಲಮುಗಳು. ಅವರು ಬದುಕಿದ ಬೀದಿಗೆ ‘ಯಹೂದಿ ಗಲ್ಲಿ’ ಎಂಬ ಹೆಸರು ಉಳಿಯಿತು. ಸುಮಾರು ನಾನ್ನೂರು ವರ್ಷ ಆ ಹೆಸರಿಗೆ ತಕ್ಕ ಜನ ಅಲ್ಲಿರಲಿಲ್ಲ. ಇದು ಮಧ್ಯಯುಗದ ರೂಢಿ, ಇಂದಿನ ಅಳತೆಗೋಲಿನಿಂದ ಅಳೆಯಬಾರದು ಎನ್ನುವವರಿದ್ದಾರೆ. ಇರಲಿ. ಆದರೆ ಊರಿನ ಹುಟ್ಟಿನಲ್ಲೇ ಇದ್ದ ಈ ಗಂಟು ಮುಂದೆ ಮತ್ತೆ ಮತ್ತೆ ಕಾಣಿಸಿಕೊಳ್ಳುವುದರಿಂದ ಅದನ್ನು ಗುರುತಿಸಿಕೊಂಡೇ ಮುಂದೆ ಹೋಗಬೇಕು.

ನಮಗೂ ಆ ಊರಿಗೂ ನಂಟು ಬೆಳೆದದ್ದು ಅಲ್ಲಿನ ದೇವಶಾಸ್ತ್ರ ವಿಭಾಗದ ಮೂಲಕ. ಮತಸುಧಾರಣೆಯ ಕಾಲದಲ್ಲಿ, 1536ರಲ್ಲಿ, ಬಡ ಹುಡುಗರನ್ನು ಉಚಿತ ಊಟ ವಸತಿಯಲ್ಲಿ ಓದಿಸಿ ಪಾದ್ರಿಗಳಾಗಿ ತಯಾರು ಮಾಡುವ ‘ಸ್ಟಿಫ್ಟ್’ ಎಂಬ ಛಾತ್ರಾಲಯ ಅಲ್ಲಿ ಆರಂಭವಾಯಿತು. ನಮ್ಮ ಮದ್ರಸಗಳ ವ್ಯವಸ್ಥೆಯನ್ನು ಬಲ್ಲವರಿಗೆ ಇದರ ಕಲ್ಪನೆ ಸುಲಭ. ಖಗೋಳಶಾಸ್ತ್ರಿ ಕೆಪ್ಲರ್ ಇಲ್ಲಿ ಓದಿದವನು. ಹೆಗೆಲ್, ಶೆಲಿಂಗ್ ಮತ್ತು ಕವಿ ಹೋಲ್ಡರ್ಲಿನ್ ಇಲ್ಲಿ ಒಂದೇ ಕಾಲದ ಸಹಪಾಠಿಗಳು. ಮೂವರಲ್ಲಿ ಒಬ್ಬರೂ ಪಾದ್ರಿಯಾಗಲಿಲ್ಲ ಎಂಬುದು ಬೇರೆ ಮಾತು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ದೇವಶಾಸ್ತ್ರ ಕಲಿತದ್ದು ಟ್ಯೂಬಿಂಗನ್‌ನಲ್ಲಿ. ಕನ್ನಡದ ಕೆಲಸಕ್ಕಾಗಿ ಅಲ್ಲಿನ ವಿಶ್ವವಿದ್ಯಾನಿಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟ್ ಕೂಡ ಅಲ್ಲಿಯೇ ಕಲಿತವರು. ಗುಂಡರ್ಟರ ಮೊಮ್ಮಗ, ಮುಂದೆ ‘ಸಿದ್ಧಾರ್ಥ’ ಕಾದಂಬರಿ ಬರೆದ ಹರ್ಮನ್ ಹೆಸ್ಸೆ 1895ರಿಂದ 1899ರವರೆಗೆ ಅದೇ ಊರಿನ ಪುಸ್ತಕದಂಗಡಿಯೊಂದರಲ್ಲಿ ದುಡಿಯುತ್ತಿದ್ದ. ಅದೇ ವರ್ಷಗಳಲ್ಲಿ ವೃದ್ಧ ಕಿಟ್ಟೆಲರೂ ಊರಿನಲ್ಲಿದ್ದರು. ತಲಶ್ಶೇರಿಯಲ್ಲಿ ಹುಟ್ಟಿದ ತಾಯಿಯ ಮಗ ಮತ್ತು ಮಂಗಳೂರಿನಲ್ಲಿ ನಿಘಂಟು ಅಚ್ಚುಹಾಕಿಸಿದ ಮುದುಕ ಒಂದೇ ಸಣ್ಣ ಊರಿನ ಬೀದಿಗಳಲ್ಲಿ ಓಡಾಡಿದ್ದರೆಂದು ನೆನೆದರೆ ಖುಷಿಯಾಗುತ್ತದೆ. (ಮಲಯಾಳಿಗಳು ಈ ನಂಟನ್ನು ಜೋಪಾನವಾಗಿ ಬೆಳೆಸಿದ್ದಾರೆ. 2015ರಲ್ಲಿ ಅಲ್ಲಿ ಗುಂಡರ್ಟ್ ಹೆಸರಿನ ಮಲಯಾಳ ಪೀಠ ಬಂತು, 2018ರಲ್ಲಿ ಗುಂಡರ್ಟರ ಸಂಗ್ರಹದ ಹಸ್ತಪ್ರತಿಗಳೂ ಹಳೆಯ ಪುಸ್ತಕಗಳೂ ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ದೊರೆಯುವಂತಾದವು.)

ಕಿಟ್ಟೆಲರು ಟ್ಯೂಬಿಂಗನ್‌ನಲ್ಲಿ ಓದಿದವರಲ್ಲ. ಉತ್ತರದ ಕಡಲತೀರದ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ 1832ರಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದವರು. ಅವರ ನಿಘಂಟು ಹೊರಬಂದದ್ದು 1894ರಲ್ಲಿ. ಅದರ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಹಳೆಗನ್ನಡ ಕಾವ್ಯದ ಮಾತುಗಳ ಪಕ್ಕದಲ್ಲೇ ಕಚೇರಿಯ, ಸಂತೆಯ, ಹೊಲದ ಮಾತುಗಳೂ ಅದರಲ್ಲಿವೆ. ಅರಬಿ, ಫಾರ್ಸಿಗಳಿಂದ ಹಿಂದೂಸ್ತಾನಿಯ ಮೂಲಕ ಕನ್ನಡಕ್ಕೆ ಬಂದ ಪದಗಳನ್ನು ಅವರು ಮೈಲಿಗೆಯೆಂದು ಹೊರಗಿಡಲಿಲ್ಲ. ಎಲ್ಲಿಂದ ಬಂದವೆಂದು ಗುರುತು ಹಾಕಿ ಮನೆಯೊಳಗೇ ಇರಿಸಿಕೊಂಡರು. ಮೂಲವನ್ನು ಹೇಳುವುದು ಬೇರೆ, ಮೂಲದ ನೆಪದಲ್ಲಿ ಹೊರಗೆ ನಿಲ್ಲಿಸುವುದು ಬೇರೆ. ಕನ್ನಡದ ಶುದ್ಧಿಯ ಬಗ್ಗೆ ಆಗಾಗ ಉಸಿರುಗಟ್ಟಿ ಮಾತನಾಡುವ ನಮ್ಮವರು ಕಿಟ್ಟೆಲರ ಪ್ರತಿಮೆಗೆ ಹಾರ ಹಾಕುವಾಗ ಈ ನಿಘಂಟಿನ ನಾಲ್ಕು ಪುಟಗಳನ್ನು ತಿರುವಿದರೆ ಒಳ್ಳೆಯದು.

ಇನ್ನು ಎರಡನೆಯ ಕಿಟ್ಟೆಲ್. ಹೆಸರು ಗೆರ್ಹಾರ್ಡ್. ನಮ್ಮ ಕಿಟ್ಟೆಲರ ಮನೆತನದವರಲ್ಲ. ವುರ್ಟೆಂಬರ್ಗ್ ಸೀಮೆಯಿಂದ ಹೋಗಿ ಹೆಸರು ಮಾಡಿದ ಬೈಬಲ್ ವಿದ್ವಾಂಸ ರುಡಾಲ್ಫ್ ಕಿಟ್ಟೆಲರ ಮಗ. 1926ರಲ್ಲಿ ಟ್ಯೂಬಿಂಗನ್‌ಗೆ ಹೊಸ ಒಡಂಬಡಿಕೆಯ ಪ್ರಾಧ್ಯಾಪಕರಾಗಿ ಬಂದರು. ಇವರೂ ಒಂದು ಮಹಾ ನಿಘಂಟಿನ ಸಂಪಾದಕರು. ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಅರ್ಥಚರಿತ್ರೆಯನ್ನು ಹೇಳುವ ಈ ನಿಘಂಟಿನ ಮೊದಲ ಸಂಪುಟ 1933ರಲ್ಲಿ ಬಂತು. ಜಗತ್ತಿನ ದೇವಶಾಸ್ತ್ರ ಗ್ರಂಥಾಲಯಗಳಲ್ಲಿ ಇಂದಿಗೂ ಇದು ಇರುತ್ತದೆ. ಇವರಿಗೆ ಯಹೂದಿ ಧರ್ಮಗ್ರಂಥಗಳ ಆಳವಾದ ಪಾಂಡಿತ್ಯವಿತ್ತು. ಕ್ರೈಸ್ತ ಧರ್ಮದ ಬೇರು ಯಹೂದಿ ನೆಲದಲ್ಲಿದೆ ಎಂದು ತೋರಿಸಿಕೊಟ್ಟವರಲ್ಲಿ ಇವರೂ ಒಬ್ಬರು. ಯಹೂದಿ ವಿದ್ವಾಂಸರ ಜೊತೆ ಕೂಡಿ ಕೆಲಸ ಮಾಡಿದವರು.

ಅದೇ 1933ರಲ್ಲಿ ಇವರು ನಾಝಿ ಪಕ್ಷ ಸೇರಿದರು. ಜೂನ್ ತಿಂಗಳಲ್ಲಿ ಟ್ಯೂಬಿಂಗನ್‌ನಲ್ಲಿ ಯಹೂದಿ ಪ್ರಶ್ನೆಯ ಬಗ್ಗೆ ಉಪನ್ಯಾಸ ಮಾಡಿ, ಅದನ್ನೇ ಪುಸ್ತಕವಾಗಿ ಪ್ರಕಟಿಸಿದರು. ಅದರಲ್ಲಿ ನಾಲ್ಕು ದಾರಿಗಳನ್ನು ಒಂದೊಂದಾಗಿ ಪರಿಶೀಲಿಸುತ್ತಾರೆ. ಯಹೂದಿಗಳನ್ನು ಇಲ್ಲವಾಗಿಸುವುದು ಮೊದಲನೆಯದು. ಅದನ್ನು ತಳ್ಳಿಹಾಕಲು ಅವರು ಕೊಡುವ ಕಾರಣಗಳಲ್ಲಿ ಅದು ಕಾರ್ಯಸಾಧ್ಯವಲ್ಲ ಎಂಬುದೂ ಒಂದು! ಪ್ಯಾಲೆಸ್ತೀನಿಗೆ ಕಳುಹಿಸುವುದು ಎರಡನೆಯದು, ಸಮಾಜದಲ್ಲಿ ಬೆರೆತುಹೋಗಲು ಬಿಡುವುದು ಮೂರನೆಯದು. ಇವೂ ಬೇಡ. ನಾಲ್ಕನೆಯದು ಅವರ ಪರಿಹಾರ: ಯಹೂದಿಗಳು ಜರ್ಮನಿಯಲ್ಲಿ ‘ಅತಿಥಿ’ಗಳಾಗಿ ಇರಲಿ. ಅಂದರೆ ಪೌರತ್ವವಿಲ್ಲ, ಸರಕಾರಿ ನೌಕರಿಯಿಲ್ಲ, ಜರ್ಮನರೊಂದಿಗೆ ಮದುವೆಯಿಲ್ಲ, ಸಾಹಿತ್ಯ ಪತ್ರಿಕೆಗಳಲ್ಲಿ ದನಿಯಿಲ್ಲ. ತಲೆತಲಾಂತರದಿಂದ ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರ ಮೊಮ್ಮಕ್ಕಳಿಗೆ ಇದ್ದಕ್ಕಿದ್ದಂತೆ ಅತಿಥಿಯ ಪಟ್ಟ. ಈ ಪುಸ್ತಕವನ್ನು ಅವರು ಯಹೂದಿ ಚಿಂತಕ ಮಾರ್ಟಿನ್ ಬೂಬರ್‌ಗೆ ಕಳುಹಿಸಿಕೊಟ್ಟರು. ಬೂಬರ್ ಒಪ್ಪಬಹುದೆಂಬ ನಂಬಿಕೆ ಅವರಿಗಿತ್ತು ಎಂಬುದೇ ಆಶ್ಚರ್ಯ. ಬೂಬರ್ ಬಹಿರಂಗ ಪತ್ರ ಬರೆದು, ಪರದೇಶಿಗೂ ನೆಲದವನಿಗೂ ಒಂದೇ ನ್ಯಾಯವನ್ನು ವಿಧಿಸುವ ಗ್ರಂಥವನ್ನೇ ಈ ಗ್ರಂಥಪಂಡಿತರಿಗೆ ನೆನಪಿಸಿದರು.

ಗೆರ್ಹಾರ್ಡ್ ಕಿಟ್ಟೆಲ್ ಅಜ್ಞಾನಿಯಾಗಿದ್ದರೆ ಈ ಪ್ರಕರಣದಲ್ಲಿ ಹೇಳುವಂಥದ್ದು ಏನೂ ಇರುತ್ತಿರಲಿಲ್ಲ. ಪರಸ್ಪರರ ಧರ್ಮವನ್ನು ಅರಿತರೆ ದ್ವೇಷ ತಾನಾಗಿ ಕರಗುತ್ತದೆ ಎಂದು ನಮ್ಮ ಸೌಹಾರ್ದ ಸಭೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ಈ ಪತ್ರಿಕೆಯ ಓದುಗರೂ ಹಾಗೆ ನಂಬಿದವರೇ ಹೆಚ್ಚು. ಟ್ಯೂಬಿಂಗನ್ನಿನ ಉದಾಹರಣೆ ಆ ನಂಬಿಕೆಯನ್ನು ಅಲುಗಾಡಿಸುತ್ತದೆ. ಯಹೂದಿ ಗ್ರಂಥಗಳನ್ನು ಅಂದಿನ ಜರ್ಮನಿಯಲ್ಲಿ ಚೆನ್ನಾಗಿ ಬಲ್ಲ ಕ್ರೈಸ್ತರಲ್ಲಿ ಒಬ್ಬನಾಗಿದ್ದವನು ತನ್ನ ಬಲ್ಲತನವನ್ನೇ ಅವರನ್ನು ಹೊರಗಿಡುವ ಸಾಧನವನ್ನಾಗಿ ಮಾಡಿಕೊಂಡ. ಪಕ್ಕದ ವಿಭಾಗದಲ್ಲೂ ಇದೇ ಕತೆ. ಭಾರತಶಾಸ್ತ್ರದ ಪ್ರಾಧ್ಯಾಪಕ ಯಾಕೋಬ್ ವಿಲ್‌ಹೆಲ್ಮ್ ಹಾವರ್, ಕಿಟ್ಟೆಲರಂತೆ ಬಾಸೆಲ್ ಮಿಶನ್ನಿನಿಂದಲೇ ಭಾರತಕ್ಕೆ ಬಂದವರು. 1907ರಿಂದ 1911ರವರೆಗೆ ಕೇರಳದ ಕಡೆ ಇದ್ದರು. ಹಿಂತಿರುಗಿ ಯೋಗದ ಬಗ್ಗೆ ಸಂಶೋಧನೆ ಮಾಡಿದರು, ಕ್ರೈಸ್ತ ಧರ್ಮವನ್ನು ಬಿಟ್ಟರು, ‘ಜರ್ಮನ್ ಶ್ರದ್ಧೆ’ಯ ಚಳವಳಿ ಕಟ್ಟಿದರು, 1934ರಲ್ಲಿ ಹಿಮ್ಲರನ ಎಸ್.ಎಸ್. ಪಡೆ ಸೇರಿದರು. ಭಗವದ್ಗೀತೆಯಲ್ಲಿ ಅವರು ಕಂಡದ್ದು ಆರ್ಯ ಜನಾಂಗದ ಯುದ್ಧತತ್ವವನ್ನು. ಭಾರತವನ್ನು ಹೊಗಳಿದವರೆಲ್ಲ ನಮ್ಮ ಮಿತ್ರರೆಂದು ಲೆಕ್ಕ ಹಾಕುವವರು ಹಾವರ್‌ರನ್ನು ಯಾವ ಕಂಬಸಾಲಿಗೆ ಸೇರಿಸುತ್ತಾರೋ ತಿಳಿಯದು.

1933ರಲ್ಲಿ ಜರ್ಮನಿಯ ಇತರ ವಿಶ್ವವಿದ್ಯಾನಿಲಯಗಳಿಂದ ಯಹೂದಿ ಅಧ್ಯಾಪಕರನ್ನು ಗುಂಪುಗುಂಪಾಗಿ ತೆಗೆದುಹಾಕಿದಾಗ ಟ್ಯೂಬಿಂಗನ್‌ನಲ್ಲಿ ಅಷ್ಟೊಂದು ಗದ್ದಲವಾಗಲಿಲ್ಲ. ಮೊದಲಿನಿಂದಲೂ ಅವರನ್ನು ನೇಮಿಸಿಕೊಳ್ಳದೇ ಇದ್ದುದರಿಂದ ತೆಗೆಯಲು ಹೆಚ್ಚು ಜನ ಇರಲೇ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಊರಿಗೆ ಮರಳಿದ್ದ ಯಹೂದಿಗಳು 1882ರಲ್ಲಿ ಒಂದು ಆರಾಧನಾಲಯ ಕಟ್ಟಿಕೊಂಡಿದ್ದರು. 1938ರ ನವೆಂಬರಿನಲ್ಲಿ ಅದನ್ನು ಸುಡಲಾಯಿತು. ಊರಿನ ಸ್ಮಶಾನದಲ್ಲಿ ಹೋಲ್ಡರ್ಲಿನ್ನನ ಸಮಾಧಿಯಿದೆ, ಪ್ರವಾಸಿಗಳು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಅದೇ ಸ್ಮಶಾನದಲ್ಲಿ ‘ಎಕ್ಸ್’ ಎಂಬ ಗುರುತಿನ ಒಂದು ಭಾಗವಿದೆ. ಮರಣದಂಡನೆಗೆ ಗುರಿಯಾದವರು, ಯುದ್ಧಕೈದಿಗಳು, ಪೋಲೆಂಡ್ ರಷ್ಯಗಳಿಂದ ಬಲವಂತದ ದುಡಿಮೆಗೆ ಹಿಡಿದು ತಂದವರು, ಇವರ ಶವಗಳನ್ನು ವೈದ್ಯ ವಿದ್ಯಾರ್ಥಿಗಳು ಕೊಯ್ದು ಕಲಿತ ಮೇಲೆ ಹೂಳಿದ ಜಾಗ ಅದು.

ಹೋಲ್ಡರ್ಲಿನ್ನನ ಮಾತು ಬಂದದ್ದರಿಂದ ಒಂದಿಷ್ಟು ಹಿಂದಕ್ಕೆ ಹೋಗುತ್ತೇನೆ. ಈ ಕವಿಗೆ 1806ರಲ್ಲಿ ಚಿತ್ತಸ್ವಾಸ್ಥ್ಯ ಕೆಟ್ಟಿತೆಂದು ಟ್ಯೂಬಿಂಗನ್ನಿನ ವಿಶ್ವವಿದ್ಯಾನಿಲಯದ ಆಸ್ಪತ್ರೆಗೆ ಸೇರಿಸಿದರು. ಕೆಲವು ತಿಂಗಳ ನಂತರ, ಇನ್ನು ಹೆಚ್ಚೆಂದರೆ ಮೂರು ವರ್ಷ ಬದುಕಬಹುದೆಂದು ಹೇಳಿ ಹೊರಗೆ ಕಳುಹಿಸಿದರು. ಆಗ ಅವನನ್ನು ಮನೆಗೆ ಕರೆದೊಯ್ದವನು ಎರ್ನ್ಸ್ಟ್ ಝಿಮ್ಮರ್ ಎಂಬ ಬಡಗಿ. ಕವಿಯ ಪುಸ್ತಕ ಓದಿ ಮೆಚ್ಚಿದ್ದ ಬಡಗಿ! ನೆಕರ್ ದಂಡೆಯ ಗೋಪುರದ ಕೋಣೆಯಲ್ಲಿ ಕವಿ 1843ರವರೆಗೆ, ಮೂವತ್ತಾರು ವರ್ಷ, ಬದುಕಿದ. ಝಿಮ್ಮರ್ ತೀರಿಕೊಂಡ ಮೇಲೆ ಅವನ ಮಗಳು ನೋಡಿಕೊಂಡಳು. ಖರ್ಚಿಗೆ ಕವಿಯ ಕುಟುಂಬದ ಹಣ ಬರುತ್ತಿತ್ತು, ನಿಜ. ಆದರೆ ದಿನ ಬೆಳಗಾದರೆ ಎದ್ದು ಸಂಭಾಳಿಸಿದ್ದು ಬಡಗಿಯ ಮನೆಯವರು. ಊರಿನ ಎಲ್ಲ ಪೀಠಗಳ ಚರಿತ್ರೆಯನ್ನು ಓದಿದ ಮೇಲೂ ಅತಿಥಿ ಎಂಬ ಪದಕ್ಕೆ ಅರ್ಥ ಕೇಳಿದರೆ ನನಗೆ ತೋರುವುದು ಈ ಬಡಗಿಯ ಮನೆಯೇ.

ಈಗ ನಮ್ಮ ಪ್ರಶ್ನೆಗೆ ಬರೋಣ. ಇಸ್ಲಾಮಿನ ಬಗ್ಗೆ ಈ ಊರಿಗೆ ಇರುವ ತಿಳಿವಳಿಕೆ ಹಳೆಯದು. ಇಲ್ಲಿ ಓದಿ, ಇಸ್ತಾಂಬೂಲಿನಲ್ಲಿ ರಾಯಭಾರ ಕಚೇರಿಯ ಪಾದ್ರಿಯಾಗಿದ್ದ ಸಲೋಮೊ ಶ್ವೈಗರ್ 1616ರಲ್ಲಿ ಕುರ್‌ಆನನ್ನು ಇಟಾಲಿಯನ್ ಭಾಷೆಯಿಂದ ಜರ್ಮನಿಗೆ ತಂದ. ಇಪ್ಪತ್ತನೆಯ ಶತಮಾನದಲ್ಲಿ ಎನ್ನೊ ಲಿಟ್‌ಮನ್ ‘ಸಾವಿರದ ಒಂದು ರಾತ್ರಿ’ಗಳನ್ನು ಅನುವಾದಿಸಿದರು. ಅವರ ಶಿಷ್ಯ ರೂಡಿ ಪಾರೆಟ್ 1960ರ ದಶಕದಲ್ಲಿ ಪವಿತ್ರ ಕುರ್‌ಆನಿನ ಅನುವಾದವನ್ನು ಪೂರ್ಣಗೊಳಿಸಿದರು. ಪಾರೆಟ್‌ರ ಅನುವಾದ ಪ್ರಾಮಾಣಿಕವಾದದ್ದು. ಸಂದೇಹವಿದ್ದೆಡೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ, ಪರ್ಯಾಯ ಅರ್ಥಗಳನ್ನು ಆವರಣದಲ್ಲಿ ಕೊಡುತ್ತಾರೆ. ಆದರೆ ಓದುವಾಗ ಪಾರಾಯಣದ ಉಸಿರು ಸಿಗುವುದಿಲ್ಲ, ಮೇಜಿನ ಮೇಲೆ ಬಿಚ್ಚಿಟ್ಟ ಗಡಿಯಾರದಂತೆ ಕಾಣುತ್ತದೆ. ಅವರ ನಂತರ ಬಂದ ಯೋಸೆಫ್ ಫಾನ್ ಎಸ್ ಅವರದು ಬೇರೆಯೇ ಎತ್ತರ. ಹಿಜಿರಾ ಎರಡು ಮತ್ತು ಮೂರನೆಯ ಶತಮಾನಗಳ ಇಸ್ಲಾಮೀ ಚಿಂತನೆಯ ಬಗ್ಗೆ 1991ರಿಂದ 1997ರವರೆಗೆ ಆರು ಸಂಪುಟಗಳನ್ನು ಬರೆದ ಅವರು ಆರಂಭದ ವಿಚಾರಪಂಥಗಳನ್ನು ಕೂಫಾ, ಬಸ್ರಾ ಎಂದು ಊರೂರಾಗಿ ಓದಿದರು. ದೇವಶಾಸ್ತ್ರದ ವಾದಗಳು ಹುಟ್ಟುವುದು ಸಂತೆ, ಮಸೀದಿ, ಬುಡಕಟ್ಟುಗಳ ನಡುವೆ ಎಂದು ತೋರಿಸಿದರು. 2021ರಲ್ಲಿ ತೀರಿಕೊಂಡರು. ಅದೇ ವರ್ಷ ತೀರಿಕೊಂಡ ಹ್ಯಾನ್ಸ್ ಕ್ಯೂಂಗ್ ಕೂಡ ಇಲ್ಲಿಯವರೇ. 1979ರಲ್ಲಿ ಕ್ಯಾಥೊಲಿಕ್ ಚರ್ಚು ಬೋಧನಾಧಿಕಾರ ಕಿತ್ತುಕೊಂಡರೂ ವಿಶ್ವವಿದ್ಯಾನಿಲಯ ಅವರನ್ನು ಉಳಿಸಿಕೊಂಡಿತು. ಧರ್ಮಗಳ ನಡುವೆ ಶಾಂತಿಯಿಲ್ಲದೆ ರಾಷ್ಟ್ರಗಳ ನಡುವೆ ಶಾಂತಿಯಿಲ್ಲ ಎಂಬ ಅವರ ವಿಚಾರ ನಮ್ಮಲ್ಲೂ ಪರಿಚಿತ. ಅವರ ಸಹೋದ್ಯೋಗಿಯಾಗಿದ್ದ ರಾಟ್ಸಿಂಗರ್ ಪೋಪ್ ಆದ ಮೇಲೆ 2006ರಲ್ಲಿ ಇಸ್ಲಾಮಿನ ಬಗ್ಗೆ ಆಡಿದ ಮಾತು ವಿವಾದವಾದಾಗ ಕ್ಯೂಂಗ್ ಸುಮ್ಮನಿರಲಿಲ್ಲ.

ಇದೆಲ್ಲ ಮೇಲಿನ ಪೇಟೆಯ ವಿಚಾರ. 1961ರ ಅಕ್ಟೋಬರಿನಲ್ಲಿ ಜರ್ಮನಿಯು ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ಕಾರ್ಮಿಕರನ್ನು ಕರೆಸಿಕೊಂಡಿತು. ಸ್ಟಟ್‌ಗಾರ್ಟ್ ಸುತ್ತಲಿನ ಪ್ರದೇಶ ಅವರನ್ನು ಹೆಚ್ಚಾಗಿ ಬಯಸಿದ ಕಡೆಗಳಲ್ಲೊಂದು. ಅವರಿಗಿಟ್ಟ ಹೆಸರು ‘ಅತಿಥಿ ಕಾರ್ಮಿಕರು’. ಗೆರ್ಹಾರ್ಡ್ ಕಿಟ್ಟೆಲರ ಅತಿಥಿಗೂ ಈ ಅತಿಥಿಗೂ ಅಜಗಜಾಂತರವಿದೆ, ಒಂದನ್ನು ಇನ್ನೊಂದಕ್ಕೆ ಸಮೀಕರಿಸುವುದು ಅನ್ಯಾಯ. ಆದರೂ ಪದ ಒಂದೇ, ಅದರೊಳಗಿನ ನಿರೀಕ್ಷೆಯೂ ಒಂದೇ: ಇದು ನಿನ್ನ ಮನೆಯಲ್ಲ. ಪಾರೆಟ್‌ರ ಅನುವಾದ ಅಚ್ಚಾಗುತ್ತಿದ್ದ ಅದೇ ವರ್ಷಗಳಲ್ಲಿ ಆ ಗ್ರಂಥವನ್ನು ಹೃದಯದಲ್ಲಿಟ್ಟುಕೊಂಡ ಜನ ರೈಲಿನಲ್ಲಿ ಬಂದಿಳಿಯುತ್ತಿದ್ದರು. ದೇಶದಾದ್ಯಂತ ಹಿತ್ತಲ ಕೋಣೆಗಳಲ್ಲಿ, ಖಾಲಿ ಗೋದಾಮುಗಳಲ್ಲಿ ನಮಾಝ್ ಮಾಡುತ್ತಿದ್ದರು. ಅವರ ಮಕ್ಕಳು ಅಲ್ಲೇ ಹುಟ್ಟಿದರೂ 2000ದ ಹೊಸ ಪೌರತ್ವ ಕಾನೂನು ಬರುವವರೆಗೆ ಹುಟ್ಟಿನಿಂದ ಪರದೇಶಿಗಳೇ.

ಟ್ಯೂಬಿಂಗನ್ ಸೇರಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 1998ರಲ್ಲಿ ಫೆರೆಶ್ತಾ ಲುದಿನ್ ಎಂಬ ಶಿಕ್ಷಕಿಗೆ ಶಿರವಸ್ತ್ರದ ಕಾರಣಕ್ಕೆ ನೌಕರಿ ನಿರಾಕರಿಸಲಾಯಿತು. ಆಗ ರಾಜ್ಯದ ಶಿಕ್ಷಣ ಮಂತ್ರಿ ಅನೆಟ್ ಶಾವಾನ್. 2003ರಲ್ಲಿ ಸಾಂವಿಧಾನಿಕ ನ್ಯಾಯಾಲಯವು ಕಾನೂನಿಲ್ಲದೆ ಹಾಗೆ ನಿರಾಕರಿಸುವಂತಿಲ್ಲ ಎಂದಿತು. ರಾಜ್ಯ 2004ರಲ್ಲಿ ಕಾನೂನನ್ನೇ ಮಾಡಿತು. ಶಿಕ್ಷಕಿಯರ ಶಿರವಸ್ತ್ರಕ್ಕೆ ನಿಷೇಧ, ಕ್ರೈಸ್ತ ಪರಂಪರೆಗೆ ಮಾತ್ರ ವಿನಾಯಿತಿ. ಸಾರಾಸಗಟು ನಿಷೇಧ ಸಲ್ಲದೆಂದು ಅದೇ ನ್ಯಾಯಾಲಯ ಹೇಳಲು 2015 ಬರಬೇಕಾಯಿತು. ಈ ನಡುವೆ 2012ರ ಜನವರಿಯಲ್ಲಿ ಟ್ಯೂಬಿಂಗನ್‌ನಲ್ಲಿ ಇಸ್ಲಾಮೀ ದೇವಶಾಸ್ತ್ರ ಕೇಂದ್ರದ ಉದ್ಘಾಟನೆಯಾಯಿತು. ಕೇಂದ್ರ ಸರಕಾರದ ನೆರವಿನಿಂದ ಜರ್ಮನಿಯಲ್ಲಿ ಬಾಗಿಲು ತೆರೆದ ಇಂಥ ಕೇಂದ್ರಗಳಲ್ಲಿ ಅದು ಮೊದಲನೆಯದು. ಉದ್ಘಾಟಿಸಿದವರು ಆಗ ಕೇಂದ್ರ ಮಂತ್ರಿಯಾಗಿದ್ದ ಅದೇ ಅನೆಟ್ ಶಾವಾನ್. ಇದನ್ನು ಬೂಟಾಟಿಕೆ ಎನ್ನುವುದು ಸುಲಭ, ನಾನು ಹಾಗೆನ್ನಲಾರೆ. ಮುಸ್ಲಿಮರ ಗ್ರಂಥವನ್ನು ಹೊರಗಿನವರು ಅಭ್ಯಾಸ ಮಾಡುತ್ತಿದ್ದ ಊರಿನಲ್ಲಿ ಮುಸ್ಲಿಮರೇ ತಮ್ಮ ಗ್ರಂಥವನ್ನು ಬೋಧಿಸುವಂತಾದದ್ದು ಸಣ್ಣ ಸಂಗತಿಯಲ್ಲ. ಆದರೆ ಅಲ್ಲಿ ಓದಿ ಹೊರಬರುವ ಹುಡುಗಿ ಅದೇ ರಾಜ್ಯದ ಶಾಲೆಯಲ್ಲಿ ಪಾಠ ಹೇಳಲು ನಿಂತಾಗ ಅವಳ ತಲೆಯ ಮೇಲಿನ ಬಟ್ಟೆ ತೊಡಕಾಗುತ್ತಿದ್ದ ಮೂರು ವರ್ಷಗಳು ಈ ಚರಿತ್ರೆಯಲ್ಲಿವೆ. ಇನ್ನೂ ಒಂದು ಇಕ್ಕಟ್ಟಿದೆ. ಜರ್ಮನಿಯಲ್ಲಿ ಧರ್ಮಶಿಕ್ಷಕರ ನೇಮಕದಲ್ಲಿ ಆಯಾ ಚರ್ಚಿಗೆ ಅಧಿಕಾರವಿದೆ. ಮುಸ್ಲಿಮರಿಗೆ ಚರ್ಚಿನಂಥ ಸಂಸ್ಥೆಯಿಲ್ಲ. ಹೀಗಾಗಿ ಸಲಹಾ ಮಂಡಳಿಯೊಂದನ್ನು ಕೂರಿಸಬೇಕಾಗುತ್ತದೆ. ಮುಸ್ಲಿಮರ ಪರವಾಗಿ ಮಾತನಾಡುವವರು ಯಾರು, ಮಸೀದಿ ಸಂಘಗಳೇ, ವಿದ್ವಾಂಸರೇ, ಸರಕಾರವೇ? ಈ ಪ್ರಶ್ನೆ ನಮಗೂ ಹೊಸದಲ್ಲ.

ಊರು ತನ್ನ ಬದುಕನ್ನು ತಾನೇ ತಿದ್ದಿಕೊಂಡ ಒಂದು ನಿದರ್ಶನವನ್ನೂ ಹೇಳದಿದ್ದರೆ ಅಪಚಾರವಾದೀತು. 1945ರಲ್ಲಿ ಬಂದ ಫ್ರೆಂಚ್ ಸೈನ್ಯ 1991ರಲ್ಲಿ ಊರು ಬಿಟ್ಟಾಗ ದೊಡ್ಡ ದಂಡು ಪ್ರದೇಶ ಖಾಲಿಯಾಯಿತು. ನಗರಸಭೆ ಅದನ್ನು ದೊಡ್ಡ ಬಿಲ್ಡರುಗಳ ಕೈಗೆ ಒಪ್ಪಿಸದೆ, ಚಿಕ್ಕ ಚಿಕ್ಕ ನಿವೇಶನಗಳನ್ನಾಗಿ ಮಾಡಿ, ಕೂಡಿ ಕಟ್ಟಿಕೊಳ್ಳುವ ಕುಟುಂಬಗಳ ಗುಂಪುಗಳಿಗೆ ಮಾರಿತು. ನೆಲಮಹಡಿಯಲ್ಲಿ ಅಂಗಡಿ, ಕಾರ್ಯಾಗಾರ, ಮೇಲೆ ಮನೆ, ಕಾರುಗಳಿಗೆ ಬಡಾವಣೆಯ ಅಂಚಿನಲ್ಲಿ ಜಾಗ. ‘ಫ್ರೆಂಚ್ ಬಡಾವಣೆ’ಯೆಂದು ಹೆಸರಾದ ಇದನ್ನು ನೋಡಲು ಬೇರೆ ದೇಶಗಳ ನಗರ ಯೋಜಕರು ಬರುತ್ತಾರೆ. 2015ರ ನಂತರ ಸಿರಿಯಾ ಮುಂತಾದೆಡೆಯಿಂದ ನಿರಾಶ್ರಿತರು ಬಂದಾಗ, ಅವರನ್ನು ಊರಾಚೆ ಒಂದೆಡೆ ಗುಡ್ಡೆ ಹಾಕದೆ ಬಡಾವಣೆಗಳ ನಡುವೆ ಹಂಚಿ ಮನೆ ಕೊಡಲು ನಗರಸಭೆ ಪ್ರಯತ್ನಿಸಿತು. ಆ ನಗರಸಭೆಯ ಮೇಯರ್ ಬೋರಿಸ್ ಪಾಮರ್ ಅವರೇ 2017ರಲ್ಲಿ ಎಲ್ಲರಿಗೂ ನೆರವಾಗಲು ನಮ್ಮಿಂದಾಗದು ಎಂಬ ಅರ್ಥದ ಹೆಸರಿನ ಪುಸ್ತಕ ಬರೆದು ಗದ್ದಲವೆಬ್ಬಿಸಿದರು. ಮನೆ ಕಟ್ಟಿಸಿಕೊಟ್ಟವರೂ ಅವರೇ, ಪುಸ್ತಕ ಬರೆದವರೂ ಅವರೇ. ಆ ಊರಿನ ಸ್ವಭಾವವೇ ಹಾಗೆ ಎನ್ನಿಸುತ್ತದೆ.

ವಿಶ್ವವಿದ್ಯಾನಿಲಯದ ಪೂರ್ಣ ಹೆಸರು ‘ಎಬರ್‌ಹಾರ್ಡ್ ಕಾರ್ಲ್ಸ್’. ಯಹೂದಿಗಳನ್ನು ಹೊರಗಟ್ಟಿದ ಎಬರ್‌ಹಾರ್ಡನ ಜೊತೆ, ತನ್ನ ಪ್ರಜೆಗಳನ್ನು ಡಚ್ ಕಂಪೆನಿಗೆ ಸೈನಿಕರಾಗಿ ಮಾರಿದ ಡ್ಯೂಕ್ ಕಾರ್ಲ್ ಯುಗೇನನ ಹೆಸರೂ ಅದರಲ್ಲಿ ಸೇರಿದೆ. ಈ ಹೆಸರು ಬೇಡವೆಂದು ವಿದ್ಯಾರ್ಥಿಗಳು ಎತ್ತಿದ ಬೇಡಿಕೆ 2022ರಲ್ಲಿ ಸೆನೆಟ್ ಮುಂದೆ ಬಂತು. ಇತಿಹಾಸ ತಜ್ಞರ ವರದಿಯನ್ನೂ ನೋಡಿದ ಮೇಲೆ ಸೆನೆಟ್ ಹೆಸರನ್ನು ಬದಲಿಸಲಿಲ್ಲ. ಇಸ್ಲಾಮೀ ದೇವಶಾಸ್ತ್ರದಲ್ಲಿ ಪದವಿ ಪಡೆಯುವ ಟರ್ಕಿ ಮೂಲದ ವಿದ್ಯಾರ್ಥಿನಿಯ ಪ್ರಮಾಣಪತ್ರದ ಮೇಲೂ ಅದೇ ಹೆಸರಿರುತ್ತದೆ. 1896ರಲ್ಲಿ ನಮ್ಮ ಕಿಟ್ಟೆಲರಿಗೆ ಕೊಟ್ಟ ಡಾಕ್ಟರೇಟ್ ಕೂಡ ಆ ಹೆಸರಿನದೇ ಆಗಿತ್ತು.